ಒಂಟಿ ಗಿರಾಕಿ

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಕನ್ನಡದವನಿಗೆ, ಯಾರೂ ಗೊತ್ತುಮಾಡದೆ ತಾನಾಗಿಯೇ ಅಂಟಿಕೊಳ್ಳುವ ಕೆಲಸವೊಂದಿದೆ. ಯಾವ ಶಾಸ್ತ್ರದವರಿಗೇ ಆಗಲಿ, ಇಂಗ್ಲಿಷಿನ ಒಂದು ಮಾತಿಗೆ ಕನ್ನಡ ಬೇಕಾಯಿತೆಂದರೆ ನೆಟ್ಟಗೆ ಅವನ ಮೇಜಿನ ಬಳಿಗೆ ಬರುತ್ತಾರೆ. ನನ್ನ ಹತ್ತಿರ ಸಸ್ಯಶಾಸ್ತ್ರದವರು ಬಂದಿದ್ದಾರೆ, ವಾಣಿಜ್ಯಶಾಸ್ತ್ರದವರು ಬಂದಿದ್ದಾರೆ. ಕೊಟ್ಟ ಮಾತನ್ನು ಸಂತೋಷದಿಂದ ತೆಗೆದುಕೊಂಡು ಹೋಗಿ ಬಳಸದೆ ಬಿಟ್ಟವರೇ ಹೆಚ್ಚು. ಹೋದ ವರ್ಷ ಶ್ರಾವಣದಲ್ಲಿ ಅರ್ಥಶಾಸ್ತ್ರದ ಮೇಡಂ ಬಂದರು.

“ಸಾರ್, ಮೊನಾಪ್ಸನಿ ಎನ್ನುವುದಕ್ಕೆ ಒಂದು ಒಳ್ಳೆಯ ಮಾತು ಕೊಡಿ. ಗೈಡಿನಲ್ಲಿ ಏಕಗ್ರಾಹಕತ್ವ ಎಂದಿದೆ. ನನ್ನ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆಯೇ ಹೊರತು ತಿಳಿದುಕೊಳ್ಳುವುದಿಲ್ಲ.”

ಈ ಮೇಡಂ ನಮ್ಮ ಅರ್ಥಶಾಸ್ತ್ರ ವಿಭಾಗದಲ್ಲಿರುವ ಒಬ್ಬರೇ ಮಹಿಳೆ. ಒಂಬತ್ತು ವರ್ಷಗಳಿಂದ ‘ಅತಿಥಿ ಉಪನ್ಯಾಸಕಿ.’ ತಿಥಿ ಗೊತ್ತಿಲ್ಲದೆ ಬರುವವನು ಅತಿಥಿ ಎಂದು ನಾವು ವ್ಯಾಕರಣದವರು ಹೇಳುತ್ತೇವೆ. ಇವರು ವೇಳಾಪಟ್ಟಿಯಂತೆ ಬರುತ್ತಾರೆ, ಗಂಟೆ ಹೊಡೆಯುವ ಮೊದಲೇ ಬರುತ್ತಾರೆ. ಒಂಬತ್ತು ವರ್ಷ ಉಳಿದವರನ್ನು ಅತಿಥಿ ಎನ್ನುವ ಪರಿಪಾಠ ಯಾವ ಮನೆಯಲ್ಲೂ ಇದ್ದಂತಿಲ್ಲ.

ಅವರು ಕೇಳಿದ ಮಾತು ನಾನು ಅಲ್ಲಿಯವರೆಗೆ ಕೇಳದ್ದು. ಎರಡು ದಿನದ ವಾಯಿದೆ ತೆಗೆದುಕೊಂಡೆ. ಕನ್ನಡದವನಿಗೆ ಅರ್ಥಶಾಸ್ತ್ರ ಏಕೆ ಎಂದು ವಾಚಕರು ಕೇಳಲಾರರೆಂದು ನಂಬಿದ್ದೇನೆ, ನಮ್ಮ ವಿ.ಸೀ.ಯವರೇ ‘ಹಣಪ್ರಪಂಚ’ ಬರೆದವರು. ಆ ಧೈರ್ಯದಿಂದ ಹೊರಟವನಿಗೆ ಎರಡು ದಿನ ಹೋಗಿ ಎರಡು ತಿಂಗಳಾಯಿತು. ಮಾತನ್ನು ಹುಡುಕಿಕೊಂಡು ಹೋದರೆ ಅದರ ಹಿಂದೆ ನಿಂತಿದ್ದ ಹೆಂಗಸು ಸಿಕ್ಕಿದರು.

ಮೊದಲು ಮಾತಿನ ವಿಚಾರ. ಪತ್ರಿಕೆಗಳು ಏಕಸ್ವಾಮ್ಯ ಎಂದು ಬರೆಯುವ ‘ಮೊನಾಪೊಲಿ’ ಗ್ರೀಕ್ ಮೂಲದ್ದು: ಒಬ್ಬನೇ ಎಂಬುದೊಂದು, ಮಾರು ಎಂಬುದೊಂದು, ಎರಡು ಸೇರಿ ಆದದ್ದು. ಊರಿಗೆಲ್ಲ ಮಾರುವವನು ಒಬ್ಬನೇ ಇದ್ದರೆ ಅದು. ಕೊಳ್ಳುವವನು ಒಬ್ಬನೇ ಇದ್ದರೆ? ಅಂಥ ಸಂದರ್ಭಗಳು ಪ್ರಪಂಚದಲ್ಲಿ ಎಂದಿನಿಂದಲೂ ಇದ್ದವು, ಶಾಸ್ತ್ರದಲ್ಲಿ ಅದಕ್ಕೊಂದು ಸರಿಯಾದ ಹೆಸರಿರಲಿಲ್ಲ. 1930ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದ ಜೋನ್ ರಾಬಿನ್ಸನ್ ಎಂಬ ತರುಣಿಗೆ ಆ ಹೆಸರು ಬೇಕಾಯಿತು. ಆಕೆಯೂ ನಮ್ಮ ಮೇಡಮ್ಮಿನಂತೆಯೇ ಭಾಷೆಯವರ ಬಳಿಗೆ ಹೋದರು. ಹಾಲ್‌ವರ್ಡ್ ಎಂಬ ಗ್ರೀಕ್ ವಿದ್ವಾಂಸರು ಹೊಸ ಪದವನ್ನು ಕಟ್ಟಿಕೊಟ್ಟರು. ಗ್ರೀಕರಲ್ಲಿ ರೊಟ್ಟಿಯೊಡನೆ ನಂಜಿಕೊಳ್ಳುವ ಮೀನು ಮೊದಲಾದ ವ್ಯಂಜನಕ್ಕೆ ‘ಒಪ್ಸೋನ್’ ಎನ್ನುತ್ತಿದ್ದರು. ಅದನ್ನು ಸಂತೆಯಲ್ಲಿ ಕೊಳ್ಳುವುದಕ್ಕೆ ಒಂದು ಕ್ರಿಯಾಪದವಿತ್ತು. ಅದಕ್ಕೆ ‘ಒಬ್ಬನೇ’ ಸೇರಿಸಿದರು. ಸಂತೆಗೆ ಮೀನು ಕೊಳ್ಳಲು ಬಂದ ಒಬ್ಬನೇ ಗಿರಾಕಿ! ಇಷ್ಟು ರುಚಿಯಾದ ಮಾತು ‘ಏಕಗ್ರಾಹಕತ್ವ’ವಾದಾಗ ಹುಡುಗರು ಬಾಯಿಪಾಠ ಮಾಡದೆ ಇನ್ನೇನು ಮಾಡಿಯಾರು?

1933ರಲ್ಲಿ ಪುಸ್ತಕ ಹೊರಬಂತು. ಹೆಸರು ‘ಅಪೂರ್ಣ ಸ್ಪರ್ಧೆಯ ಅರ್ಥಶಾಸ್ತ್ರ’ ಎಂದು ಹೇಳಬಹುದು. ಅದೇ ವರ್ಷ ಅಮೆರಿಕದಲ್ಲಿ ಚೇಂಬರ್ಲಿನ್ ಎಂಬವರು ಹತ್ತಿರದ ವಿಷಯದ ಮೇಲೇ ಬರೆದ ಗ್ರಂಥವೂ ಬಂತು. ಇಬ್ಬರ ಹೆಸರನ್ನೂ ಆಮೇಲೆ ಜೊತೆಯಾಗಿ ಹೇಳುವ ವಾಡಿಕೆಯಾಯಿತು. ಜೋನ್ ಅವರಿಗೆ ಅದು ಮೂವತ್ತು ತುಂಬುವ ವರ್ಷ.

ಒಂಟಿ ಗಿರಾಕಿಯ ಲೆಕ್ಕವನ್ನು ಮೇಡಂ ನನಗೆ ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಊರಿಗೆ ಒಂದೇ ಕಾರ್ಖಾನೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 300 ರೂಪಾಯಿಗೆ ಹತ್ತು ಮಂದಿ ದುಡಿಯುತ್ತಿದ್ದಾರೆ. ಹನ್ನೊಂದನೆಯವನು ಬರಬೇಕಾದರೆ 310 ಕೊಡಬೇಕು. ಅವನಿಗೆ 310 ಕೊಟ್ಟು ಉಳಿದವರಿಗೆ 300 ಕೊಡಲಾಗುವುದಿಲ್ಲ; ಎಲ್ಲರಿಗೂ ಏರಿಸಬೇಕು. ಮೊದಲು ಒಟ್ಟು ಕೂಲಿ 3000, ಈಗ 3410. ಎಂದರೆ ಹನ್ನೊಂದನೆಯವನು ತನ್ನ ಕೈಗೆ ಪಡೆಯುವುದು 310 ಆದರೂ ಯಜಮಾನನಿಗೆ ಅವನು ಬೀಳುವುದು 410ಕ್ಕೆ. ಅವನು 380 ರೂಪಾಯಿಯ ಕೆಲಸ ಮಾಡಬಲ್ಲವನಾದರೂ ಯಜಮಾನ ಅವನನ್ನು ಕರೆಯುವುದಿಲ್ಲ. ಇದ್ದ ಹತ್ತು ಮಂದಿಗೂ ಅವರ ಕೆಲಸದ ಬೆಲೆಗಿಂತ ಕಡಮೆಯೇ ಕೊಟ್ಟು ಸುಮ್ಮನಿರುತ್ತಾನೆ. ಯಜಮಾನ ಕೆಟ್ಟವನಾಗಿರಬೇಕಾದ್ದಿಲ್ಲ. ಬೇರೆ ಗಿರಾಕಿ ಇಲ್ಲ, ಅಷ್ಟೆ.

ಇದೇ ಗ್ರಂಥದ ಕೊನೆಯ ಭಾಗದಲ್ಲಿ ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಗಂಡಾಳು, ಹೆಣ್ಣಾಳು ಇಬ್ಬರೂ ಸರಿಸಮನಾಗಿ ದುಡಿಯಬಲ್ಲವರು. ಗಂಡಸರಿಗೆ ಸಂಘವಿದೆ, ಹೆಂಗಸರಿಗೆ ಇಲ್ಲ. ಆಗ ಒಂದೇ ಕೆಲಸಕ್ಕೆ ಎರಡು ಕೂಲಿ ಕೊಡುವುದರಿಂದ ಯಜಮಾನನಿಗೆ ಲಾಭವಾಗುತ್ತದೆ ಎಂಬುದನ್ನು ರೇಖಾಚಿತ್ರದ ಮೂಲಕ ತೋರಿಸುತ್ತಾರೆ. ಹೆಂಗಸಿನ ಕೈ ಮೃದು, ಬುದ್ಧಿ ಚಂಚಲ ಎಂಬ ಯಾವ ಸಬೂಬೂ ಈ ಲೆಕ್ಕಕ್ಕೆ ಬೇಕಾಗುವುದಿಲ್ಲ. ಬರೆದವರ ದನಿ ಎಲ್ಲಿಯೂ ಏರುವುದಿಲ್ಲ; ತಮ್ಮ ವಿಚಾರವಾಗಿ ಒಂದು ಮಾತೂ ಇಲ್ಲ. ಆದರೆ ಇದನ್ನು ಬರೆಯುವ ಕಾಲದಲ್ಲಿ ಆಕೆಯ ಸ್ಥಿತಿ ಏನಿತ್ತು ಎಂದು ನೋಡಹೊರಟರೆ ಕೇಂಬ್ರಿಜ್‌ನ ಕಥೆಯನ್ನು ಅರವತ್ತು ವರ್ಷ ಹಿಂದಿನಿಂದ ಹೇಳಬೇಕಾಗುತ್ತದೆ.

ಅಲ್ಲಿ ಹೆಣ್ಣುಮಕ್ಕಳಿಗಾಗಿ ಗರ್ಟನ್ ಕಾಲೇಜು 1869ರಲ್ಲಿ, ನ್ಯೂನಮ್ 1871ರಲ್ಲಿ ಹುಟ್ಟಿದವು. ನ್ಯೂನಮ್‌ಗೆ ಮೊದಲು ಬಂದ ಐವರಲ್ಲಿ ಮೇರಿ ಪೇಲಿ ಒಬ್ಬರು. 1874ರಲ್ಲಿ ಆಕೆಯೂ ಇನ್ನೊಬ್ಬ ಗೆಳತಿಯೂ ವಿಶ್ವವಿದ್ಯಾಲಯದ ನೀತಿಶಾಸ್ತ್ರದ ಪರೀಕ್ಷೆಗೆ ಕುಳಿತರು. ಆಗ ಅರ್ಥಶಾಸ್ತ್ರ ಅದರೊಳಗೇ ಸೇರಿತ್ತು. ಕುಳಿತದ್ದು ಪರೀಕ್ಷಾ ಮಂದಿರದಲ್ಲಲ್ಲ, ಗ್ರೀಕ್ ಪ್ರಾಧ್ಯಾಪಕ ಕೆನಡಿಯವರ ಮನೆಯ ನಡುಮನೆಯಲ್ಲಿ. ಗಂಡಸರ ಪರೀಕ್ಷೆಯ ಪ್ರಶ್ನಪತ್ರಿಕೆಗಳನ್ನು ಕೆಲವು ಅಧ್ಯಾಪಕರು ಅಲ್ಲಿಂದ ಇಲ್ಲಿಗೆ ಓಡಿ ತಂದುಕೊಡುತ್ತಿದ್ದರು. ಪರೀಕ್ಷಕರು ನಾಲ್ವರು: ಇಬ್ಬರು ಮೇರಿಗೆ ಮೊದಲನೆಯ ದರ್ಜೆ ಎಂದರು, ಇಬ್ಬರು ಎರಡನೆಯದು ಎಂದರು. ತೀರ್ಮಾನ ಹೇಳುವ ಐದನೆಯವರಿರಲಿಲ್ಲ. ಹೇಗೂ ಪದವಿ ಕೊಡುವ ಪ್ರಶ್ನೆಯೇ ಇಲ್ಲದ್ದರಿಂದ ಅದು ಹಾಗೆಯೇ ಉಳಿಯಿತು.

ಓಡಿ ಬರುತ್ತಿದ್ದವರಲ್ಲಿ ಒಬ್ಬರು ಆಲ್ಫ್ರೆಡ್ ಮಾರ್ಷಲ್. ಮುಂದೆ ಇಂಗ್ಲೆಂಡಿನ ಅರ್ಥಶಾಸ್ತ್ರಕ್ಕೇ ಗುರುವೆನಿಸಿದವರು. 1877ರಲ್ಲಿ ಇಬ್ಬರಿಗೂ ಮದುವೆಯಾಯಿತು. 1879ರಲ್ಲಿ ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಒಂದು ಪಠ್ಯಪುಸ್ತಕ ಬಂತು. ಅದನ್ನು ಬರೆಯಲು ಮೊದಲು ಒಪ್ಪಿಕೊಂಡಿದ್ದವರು ಮೇರಿಯೇ. ಚೆನ್ನಾಗಿ ಖರ್ಚಾಗುತ್ತಿದ್ದ ಆ ಪುಸ್ತಕ ಮಾರ್ಷಲ್ಲರಿಗೆ ಬರಬರುತ್ತ ಬೇಡವಾಯಿತು. 1892ರಲ್ಲಿ ಅದರ ಜಾಗದಲ್ಲಿ ಹೆಚ್ಚುಕಡಮೆ ಅದೇ ಹೆಸರಿನ ಇನ್ನೊಂದನ್ನು ತಂದರು. ಅದರ ಮೇಲೆ ಇದ್ದದ್ದು ಅವರೊಬ್ಬರ ಹೆಸರು. ಹೆಂಗಸರಿಗೆ ಪದವಿ ಕೊಡುವ ಮಾತು 1896ರಲ್ಲಿ ಬಂದಾಗ, ಒಂದು ಕಾಲಕ್ಕೆ ಅವರ ಪಾಠಕ್ಕೆಂದೇ ಮುಂದೆ ಬಂದಿದ್ದ ಈ ಗುರುಗಳು ವಿರೋಧವಾಗಿ ಕರಪತ್ರ ಬರೆದರು. ಮರುವರ್ಷ ಮತ ಹಾಕುವ ದಿನ ಹುಡುಗರು ಸೈಕಲ್ ಏರಿದ ಹೆಣ್ಣಿನ ಬೊಂಬೆಯೊಂದನ್ನು ಬೀದಿಯ ಮೇಲೆ ನೇತುಹಾಕಿದ್ದರು. ಸೂಚನೆ ಬಿದ್ದುಹೋಯಿತು. 1921ರಲ್ಲಿ ಮತ್ತೊಮ್ಮೆ ಮತವಾಯಿತು, ಮತ್ತೆ ಸೋಲು. ಗೆದ್ದ ಸಂಭ್ರಮದಲ್ಲಿ ಹುಡುಗರು ಹೋಗಿ ನ್ಯೂನಮ್ ಕಾಲೇಜಿನ ಕಂಚಿನ ಬಾಗಿಲನ್ನು ತಳ್ಳುಗಾಡಿಯಿಂದ ಗುದ್ದಿ ಕೆಡಿಸಿದರು. ಹೆಂಗಸರಿಗೆ ಸಿಕ್ಕಿದ್ದು ಹೆಸರಿಗೆ ಮಾತ್ರದ ಪದವಿ. ವಿಶ್ವವಿದ್ಯಾಲಯದ ಸದಸ್ಯತ್ವವಿಲ್ಲ, ಮತವಿಲ್ಲ.

ಮೇರಿ ಪೇಲಿಯವರು ಗಂಡನ ವಿರುದ್ಧ ಒಂದು ಮಾತನ್ನೂ ಆಡಿದವರಲ್ಲ. ಮಾರ್ಷಲ್ 1924ರಲ್ಲಿ ತೀರಿಕೊಂಡ ಮೇಲೆ ಅವರ ಗ್ರಂಥಗಳಿಂದ ಬೆಳೆದ ಪುಸ್ತಕಾಲಯವನ್ನು ನೋಡಿಕೊಳ್ಳುತ್ತ, ಎಂಬತ್ತು ದಾಟಿದ ಮೇಲೂ ದಿನಾ ಬೆಳಗ್ಗೆ ಸೈಕಲ್ಲಿನ ಮೇಲೆಯೇ ಅಲ್ಲಿಗೆ ಹೋಗುತ್ತಿದ್ದರು. ಈ ಶಾಂತ ಮುದುಕಿಯನ್ನು ಕುರಿತು ನನಗೆ ಗೌರವವಿದೆ, ಸ್ವಲ್ಪ ಸಿಟ್ಟೂ ಇದೆ.

ಜೋನ್ ಬೇರೆ ಜಾತಿಯವರು. 1903ರಲ್ಲಿ ಹುಟ್ಟಿದ್ದು, ಮಾರಿಸ್ ಮನೆತನ. ಹೇಳಬಾರದ್ದನ್ನು ಹೇಳಿ ಕೆಲಸ ಕಳೆದುಕೊಳ್ಳುವುದು ಆ ಮನೆಯ ಕುಲಾಚಾರವೆಂದು ಕಾಣುತ್ತದೆ. ಮುತ್ತಜ್ಜ ಫ್ರೆಡರಿಕ್ ಡೆನಿಸನ್ ಮಾರಿಸ್, ಪಾಪಿಗಳಿಗೆ ಎಂದೆಂದಿಗೂ ಮುಗಿಯದ ನರಕವೆಂಬುದನ್ನು ಒಪ್ಪದೆ ಬರೆದು 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು. ತಂದೆ ಸೈನ್ಯದಲ್ಲಿ ಮೇಜರ್ ಜನರಲ್. ಪ್ರಧಾನಿ ಲಾಯ್ಡ್ ಜಾರ್ಜರ ಸರ್ಕಾರ ಪಾರ್ಲಿಮೆಂಟಿಗೆ ಸೈನ್ಯದ ವಿಚಾರದಲ್ಲಿ ತಪ್ಪು ಹೇಳಿತೆಂದು 1918ರಲ್ಲಿ ಪತ್ರಿಕೆಗಳಿಗೆ ಬರೆದು ಸೈನ್ಯದ ಬಾಳನ್ನೇ ಮುಗಿಸಿಕೊಂಡರು. ಮಗಳಿಗೆ ಆಗ ಹದಿನಾಲ್ಕು ವರ್ಷ.

ಜೋನ್ 1922ರಲ್ಲಿ ಗರ್ಟನ್ ಸೇರಿ 1925ರಲ್ಲಿ ಅರ್ಥಶಾಸ್ತ್ರ ಮುಗಿಸಿದರು. ಎರಡನೆಯ ದರ್ಜೆ! ಮರುವರ್ಷ ಆಸ್ಟಿನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ಮದುವೆಯಾಗಿ ಅವರೊಡನೆ ಹೋದದ್ದು ನಮ್ಮ ಗ್ವಾಲಿಯರಿಗೆ. ಅಲ್ಲಿನ ಮಹಾರಾಜ ಜೀವಾಜಿರಾವ್ ಸಿಂಧಿಯಾ ಹತ್ತು ವರ್ಷದ ಹುಡುಗ. ಅವನಿಗೆ ಆಸ್ಟಿನ್ ಗುರು. ಎರಡು ವರ್ಷವಿದ್ದು 1928ರ ಹೊತ್ತಿಗೆ ಹಿಂದಿರುಗಿದರು. ಕೆಲಸವಿಲ್ಲ, ವಿದ್ಯಾರ್ಥಿವೇತನವಿಲ್ಲ, ಮೊದಲ ದರ್ಜೆಯೂ ಇಲ್ಲ. ಇಟಲಿಯಿಂದ ಬಂದಿದ್ದ ಪಿಯೆರೋ ಸ್ರಾಫಾ ಎಂಬ ಸಂಕೋಚದ ಮನುಷ್ಯ ಆಗ ಮಾರ್ಷಲ್ಲರ ಸಿದ್ಧಾಂತದ ಬುಡವನ್ನೇ ಅಲ್ಲಾಡಿಸುವ ಉಪನ್ಯಾಸಗಳನ್ನು ಕೊಡುತ್ತಿದ್ದರು. ಜೋನ್ ಹೋಗಿ ಕೇಳತೊಡಗಿದರು. ‘ಅಪೂರ್ಣ ಸ್ಪರ್ಧೆ’ಯ ಬೀಜ ಬಿದ್ದದ್ದು ಅಲ್ಲಿ.

ಆಮೇಲಿನ ಹತ್ತು ವರ್ಷ ಆ ವಿಭಾಗದ ಸುವರ್ಣಕಾಲ. 1930-31ರಲ್ಲಿ ಕೇನ್ಸ್ ಅವರ ಹಣದ ಮೇಲಿನ ಗ್ರಂಥವನ್ನು ಒರೆಗೆ ಹಚ್ಚಲು ಕಿರಿಯರ ಒಂದು ಗೋಷ್ಠಿ ಸೇರಿತು: ಕಾನ್, ಸ್ರಾಫಾ, ಮೀಡ್, ಆಸ್ಟಿನ್, ಜೋನ್. ಐವರಲ್ಲಿ ಒಬ್ಬ ಹೆಂಗಸು. ಅಲ್ಲಿನ ಆಕ್ಷೇಪಣೆಗಳನ್ನು ಕಾನ್ ಕೇನ್ಸರಿಗೆ ಒಯ್ಯುತ್ತಿದ್ದರು. ಈ ವಾದವಿವಾದಗಳ ಬೆಂಕಿಯಲ್ಲಿ ಕಾದು ಬಂದದ್ದು 1936ರ ಪ್ರಸಿದ್ಧ ‘ಸಾಮಾನ್ಯ ಸಿದ್ಧಾಂತ’. ಅದರ ಮುನ್ನುಡಿಯಲ್ಲಿ ಕೇನ್ಸ್ ಕೃತಜ್ಞತೆಯಿಂದ ನೆನೆದವರಲ್ಲಿ ಜೋನ್ ಒಬ್ಬರು. ಮರುವರ್ಷವೇ ವಿದ್ಯಾರ್ಥಿಗಳಿಗಾಗಿ ಅದನ್ನು ತಿಳಿಯಾಗಿಸಿ ಒಂದು ಸಣ್ಣ ಪುಸ್ತಕ ಬರೆದವರೂ ಅವರೇ. ಆದರೆ ಅವರು ಹಣದ ಸಿದ್ಧಾಂತವನ್ನು ತರಗತಿಯಲ್ಲಿ ಪಾಠ ಹೇಳುವುದಕ್ಕೆ ವಿಭಾಗದ ಹಿರಿಯರಲ್ಲಿ ಕೆಲವರ ವಿರೋಧವಿತ್ತು. ವಿರೋಧಕ್ಕೆ ಹೆಣ್ಣೆಂಬುದು ಕಾರಣವೋ ಕೇನ್ಸನ ಕಡೆಯವರೆಂಬುದು ಕಾರಣವೋ ಬಿಡಿಸಿ ಹೇಳುವುದು ಕಷ್ಟ. ನಾವು ಕಾಲೇಜಿನವರಿಗೆ ಗೊತ್ತು, ಇಂಥ ಜಾಗದಲ್ಲಿ ಯಾವ ವಿರೋಧವೂ ಒಂದೇ ಕಾರಣ ಹೊತ್ತು ಬರುವುದಿಲ್ಲ.

ಪದವಿಗಳ ವಿಚಾರವನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಗೆಳೆಯ ಕಾನ್ ಜೋನ್‌ಗಿಂತ ಎರಡು ವರ್ಷ ಚಿಕ್ಕವರು. ಅವರು 1930ರಲ್ಲಿಯೇ ಕಿಂಗ್ಸ್ ಕಾಲೇಜಿನ ಫೆಲೊ, 1951ರಲ್ಲಿ ಪ್ರಾಧ್ಯಾಪಕ. ಗಂಡ ಆಸ್ಟಿನ್ 1950ರಲ್ಲಿ ಪ್ರಾಧ್ಯಾಪಕ. ಜೋನ್ 1937ರಲ್ಲಿ ಉಪನ್ಯಾಸಕಿ, 1949ರಲ್ಲಿ ರೀಡರ್, 1962ರಲ್ಲಿ ನ್ಯೂನಮ್ ಕಾಲೇಜಿನ ಫೆಲೊ. ಪ್ರಾಧ್ಯಾಪಕಿಯಾದದ್ದು 1965ರಲ್ಲಿ, ಆಸ್ಟಿನ್ ನಿವೃತ್ತರಾದ ವರ್ಷ. ಆಗ ಅವರಿಗೆ ಅರವತ್ತೊಂದು. 1971ರಲ್ಲಿ ನಿವೃತ್ತಿ. ಹೆಣ್ಣುಮಕ್ಕಳು ಅಧ್ಯಾಪಕ ಹುದ್ದೆ ಹಿಡಿಯಬಹುದೆಂದು 1926ರಲ್ಲಿ ನಿಯಮವಾಗಿತ್ತು. ಪೂರ್ಣಪದವಿ ಕೊಟ್ಟದ್ದು 1948ರಲ್ಲಿ. ಎಂದರೆ ಉಪನ್ಯಾಸಕಿಯಾದ ಮೇಲೆ ಹನ್ನೊಂದು ವರ್ಷ ಜೋನ್ ಗಂಡುಹುಡುಗರಿಗೆ ಪಾಠ ಹೇಳಿ, ಅವರು ನಿಜವಾದ ಪದವಿ ಪಡೆದು ಹೋಗುವುದನ್ನು ನೋಡುತ್ತ, ತಾವು ಹೆಸರಿಗೆ ಮಾತ್ರದ ಪದವೀಧರೆಯಾಗಿದ್ದರು. ನಿತ್ಯದ ಚರ್ಚೆಯೆಲ್ಲ ನಡೆಯುತ್ತಿದ್ದ ಕಿಂಗ್ಸ್ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1972ರಲ್ಲಿ. ಅದು 1979ರಲ್ಲಿ ಅವರನ್ನು ತನ್ನ ಮೊದಲ ಮಹಿಳಾ ಗೌರವ ಫೆಲೊ ಎಂದು ಕರೆಯಿತು. ಇನ್ನು ನಾಲ್ಕು ವರ್ಷ ಬದುಕಿದರು. ನೊಬೆಲ್ ಬಹುಮಾನ ಬರಲೇ ಇಲ್ಲ. ಅರ್ಥಶಾಸ್ತ್ರದಲ್ಲಿ ಅದು ಮೊದಲ ಬಾರಿಗೆ ಒಬ್ಬ ಹೆಂಗಸಿಗೆ ಸಂದದ್ದು 2009ರಲ್ಲಿ.

ಕೇಂಬ್ರಿಜ್‌ನಲ್ಲಿ ಅವರ ದುಡಿಮೆಯನ್ನು ಕೊಳ್ಳುವವರು ಎಷ್ಟು ಮಂದಿ ಇದ್ದರು? ಗಂಡ ಅಲ್ಲಿ, ಇಬ್ಬರು ಹೆಣ್ಣುಮಕ್ಕಳು ಅಲ್ಲಿ, ಮಾತಿಗೆ ಮಾತು ಕೊಡುವ ಗೆಳೆಯರು ಅಲ್ಲಿ. ಬೇರೆ ಊರಿಗೆ ಹೊರಡುತ್ತೇನೆಂದು ಹೆದರಿಸಿ ಬಡ್ತಿ ಪಡೆಯುವ ಉಪಾಯ ಅವರಿಗೆ ಇದ್ದಿರಲಾರದು. ಇದು ನನ್ನ ಊಹೆ. ಅವರು ಎಲ್ಲಿಯೂ ಹೀಗೆ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ. ಹೆಸರು ತಂದುಕೊಟ್ಟ ಮೊದಲ ಪುಸ್ತಕವನ್ನೇ ಅವರು ಮುಂದೆ ತಳ್ಳಿಹಾಕಿದರು. 1969ರ ಎರಡನೆಯ ಮುದ್ರಣಕ್ಕೆ ಬರೆದ ಮುನ್ನುಡಿ ಸ್ವಂತ ಪುಸ್ತಕದ ಕಟುವಿಮರ್ಶೆ. 1942ರಲ್ಲಿ ಮಾರ್ಕ್ಸ್ ಮೇಲೆ ಬರೆದರು, 1956ರಲ್ಲಿ ಬಂಡವಾಳದ ಸಂಚಯನದ ಮೇಲೆ ದೊಡ್ಡ ಗ್ರಂಥ ಬರೆದರು. ಬಂಡವಾಳವೆಂದು ನೀವು ಅಳೆಯುತ್ತೀರಲ್ಲ, ಯಾವ ಮಾನದಿಂದ ಅಳೆಯುತ್ತೀರಿ ಎಂದು ಅವರು 1953ರ ಸುಮಾರಿನಲ್ಲಿ ಎತ್ತಿದ ಪ್ರಶ್ನೆ ಅಮೆರಿಕದ ಘಟಾನುಘಟಿಗಳನ್ನು ಹತ್ತು ಹದಿನೈದು ವರ್ಷ ಕಾಡಿ, 1966ರಲ್ಲಿ ಸ್ಯಾಮ್ಯುಯೆಲ್ಸನ್‌ರಂಥವರಿಂದ ತಮ್ಮ ವಾದದ ದೋಷವನ್ನು ಒಪ್ಪಿಸಿತು.

ಅವರನ್ನು ದೇವಿಯಾಗಿಸಿ ಕೂರಿಸುವ ಇಚ್ಛೆ ನನಗಿಲ್ಲ. ಅಮರ್ತ್ಯ ಸೇನರು ಅವರ ಬಳಿ ಸಂಶೋಧನೆ ಮಾಡಿದವರು. ಗುರುವಿನ ಅಪಾರ ಬುದ್ಧಿಯನ್ನೂ ತಮ್ಮದಲ್ಲದ ಅಭಿಪ್ರಾಯವನ್ನು ಸಹಿಸದ ಸ್ವಭಾವವನ್ನೂ ಜೊತೆಯಾಗಿಯೇ ನೆನೆದಿದ್ದಾರೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. 1969ರಲ್ಲಿ ಚೀನದ ಸಾಂಸ್ಕೃತಿಕ ಕ್ರಾಂತಿಯನ್ನು ಮೆಚ್ಚಿ ಪುಸ್ತಕ ಬರೆದರು; ಉತ್ತರ ಕೊರಿಯಾವನ್ನು ಹೊಗಳಿದರು. ಕೇಂಬ್ರಿಜ್‌ನ ಗುರುಗಳ ಒಂದು ವಾಕ್ಯವನ್ನೂ ಪರೀಕ್ಷಿಸದೆ ಬಿಡದವರು ಪೀಕಿಂಗಿನ ಆತಿಥೇಯರು ಹೇಳಿದ್ದನ್ನು ನಂಬಿದರು. ಆ ವರ್ಷಗಳಲ್ಲಿ ಚೀನದ ಅಧ್ಯಾಪಕರು ಪಟ್ಟ ಪಾಡನ್ನು ಈಗ ಬಲ್ಲ ನಾವು ಈ ಪುಟಗಳನ್ನು ಲಜ್ಜೆಯಿಲ್ಲದೆ ಓದಲಾರೆವು.

ಇಷ್ಟು ದೂರದ ಕಥೆಗೂ ನಮಗೂ ಒಂದು ಕೊಂಡಿ ಇದೆ, ಅದು ಕಾರವಾರದ್ದು. 1935ರಲ್ಲಿ ಅಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಕೃಷ್ಣಾ ಚಂದಾವರ್‌ಕರ್ ಮುಂದೆ ಕೃಷ್ಣಾ ಭಾರದ್ವಾಜ್ ಎಂದು ಹೆಸರಾದರು. ಮುಂಬಯಿಯಲ್ಲಿ ಓದಿದರು. ಸ್ರಾಫಾ ಮೂವತ್ತು ವರ್ಷ ತಪಸ್ಸು ಮಾಡಿ 1960ರಲ್ಲಿ ಹೊರತಂದ ನೂರು ಪುಟವೂ ಇಲ್ಲದ ಪುಸ್ತಕ ದೊಡ್ಡದೊಡ್ಡವರಿಗೂ ಕಬ್ಬಿಣದ ಕಡಲೆಯಾಗಿತ್ತು. ಅದರ ಮೇಲೆ 1963ರಲ್ಲಿ ಮುಂಬಯಿಯ ‘ಇಕನಾಮಿಕ್ ವೀಕ್ಲಿ’ಯಲ್ಲಿ ಈ ಇಪ್ಪತ್ತೆಂಟು ವರ್ಷದ ಹೆಣ್ಣುಮಗಳು ಬರೆದ ವಿಮರ್ಶೆ ಕೇಂಬ್ರಿಜ್‌ನವರ ಕಣ್ಣಿಗೆ ಬಿತ್ತು. 1967ರಲ್ಲಿ ಅವರು ಅಲ್ಲಿಗೆ ಹೋದರು. ಸ್ರಾಫಾ, ಜೋನ್ ಇಬ್ಬರ ಒಡನಾಟವೂ ದೊರೆಯಿತು. ಹಿಂದಿರುಗಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಕೇಂದ್ರವನ್ನು ಕಟ್ಟಿದರು.

1974ರಲ್ಲಿ ಬಂದ ಅವರ ಪುಸ್ತಕ ನಮ್ಮ ದೇಶದ ಬೇಸಾಯದ ಮೇಲಿನದು. 1950ರ ದಶಕದ ಜಮೀನು ನಿರ್ವಹಣೆಯ ಸಮೀಕ್ಷೆಗಳನ್ನು ಆಧರಿಸಿದ್ದು. ಹಳ್ಳಿಯ ಸಣ್ಣ ಹಿಡುವಳಿದಾರನಿಗೆ ಜಮೀನು ಗುತ್ತಿಗೆ ಕೊಟ್ಟವನು, ಬಿತ್ತನೆಗೆ ಸಾಲ ಕೊಟ್ಟವನು, ಸುಗ್ಗಿಯಲ್ಲಿ ಕಾಳು ಅಳೆದುಕೊಳ್ಳುವವನು ಹಲವು ವೇಳೆ ಒಬ್ಬನೇ ಎಂದು ಅವರು ತೋರಿಸಿದರು. ಬಡ್ಡಿ ಕಡಮೆ ಕಂಡರೆ ಕಾಳಿನ ಬೆಲೆಯಲ್ಲಿ ಹಿಡಿಯುತ್ತಾನೆ. ಗುತ್ತಿಗೆ ಕಡಮೆ ಮಾಡಿದರೆ ಬಿಟ್ಟಿ ದುಡಿಮೆಯಲ್ಲಿ ಹಿಡಿಯುತ್ತಾನೆ. ಮೂರು ಸಂತೆಗಳೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನೇ ನೋಡಿದ ಪಂಡಿತನಿಗೆ ಮೋಸ ಕಾಣುವುದಿಲ್ಲ. ಜೋನ್ ಹೆಸರಿಟ್ಟ ಗಿರಾಕಿಗೆ ಹೀಗೆ ಊರು, ಮನೆ, ಲೆಕ್ಕದ ಪುಸ್ತಕ ಎಲ್ಲ ಬಂದವು. ಕೃಷ್ಣಾ ಭಾರದ್ವಾಜ್ 1992ರ ಮಾರ್ಚ್ 8ರಂದು ತೀರಿಕೊಂಡರು. ಕಾರವಾರದಲ್ಲಿ ಇವರ ಹೆಸರು ಕೇಳಿದ ಎಷ್ಟು ಕಾಲೇಜು ಹುಡುಗರು ಸಿಕ್ಕಾರೋ ತಿಳಿಯೆ.

ಎರಡು ತಿಂಗಳ ಮೇಲೆ ನಾನು ಮೇಡಂಗೆ ಒಪ್ಪಿಸಿದ ಮಾತು ‘ಒಂಟಿ ಗಿರಾಕಿ.’ ಅವರು ನಕ್ಕರು. “ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುತ್ತಾರೆಯೇ ಸಾರ್?” ಎಂದರು. ಆದರೂ ತರಗತಿಯಲ್ಲಿ ಬಳಸಿದರಂತೆ. ಹಿಂದಿನ ಬೆಂಚಿನ ಹುಡುಗನೊಬ್ಬ, ಕಬ್ಬಿನ ಸೀಮೆಯವನು, ಎದ್ದು ನಿಂತು, ಕಾರ್ಖಾನೆಯ ಬಾಗಿಲಲ್ಲಿ ಗಾಡಿ ಎರಡು ದಿನ ಬಿಸಿಲಲ್ಲಿ ನಿಂತರೆ ಕಬ್ಬಿನ ತೂಕ ಎಷ್ಟು ಇಳಿಯುತ್ತದೆ, ಆ ಲೆಕ್ಕವನ್ನು ಎಲ್ಲಿ ಸೇರಿಸಬೇಕು ಎಂದು ಕೇಳಿದನಂತೆ. ಮೇಡಂ ಆ ಗಂಟೆಯೆಲ್ಲ ಅವನಿಂದಲೇ ಪಾಠ ಹೇಳಿಸಿದರು.

ಈ ವರ್ಷ ಕಾಲೇಜು ತೆರೆದು ಮೂರು ವಾರವಾಯಿತು. ಅತಿಥಿ ಉಪನ್ಯಾಸಕರ ಪಟ್ಟಿ ಇನ್ನೂ ಬಂದಿಲ್ಲ. ನನ್ನಿಂದ ಎರವಲು ಪಡೆದ ನಿಘಂಟು ಮೇಡಂ ಅವರ ಮೇಜಿನ ಮೇಲೆ, ಗುರುತಿನ ಚೀಟಿ ಇಟ್ಟ ಹಾಗೆಯೇ ಇದೆ.